ಅಪ್ಪನ 2002ರ ಕ್ವಾಲಿಸ್: ಒಳಗಿನ ಬೂದು ಪ್ಲಾಸ್ಟಿಕ್ ಸವೆದು ಹೋಗಿದೆ, ಹಳೇ ಬಣ್ಣಕ್ಕೆ ಹೊಂದೋ ಹಾಗೆ ಪೇಂಟ್ ಮಾಡೋದು ಹೇಗೆ?

ಕೊಪ್ಪದ ಕ್ವಾಲಿಸ್

ಎಲ್ರಿಗೂ ನಮಸ್ಕಾರ. ನಮ್ದು 2002ರ ಟೊಯೋಟಾ ಕ್ವಾಲಿಸ್, ಡೀಸೆಲ್, ಅಪ್ಪ ಹೊಸದಾಗೇ ತಗೊಂಡಿದ್ದು, ಮನೇಲಿ ಆದ ಎಲ್ಲಾ ಮದುವೆ, ಆಸ್ಪತ್ರೆ, ಧರ್ಮಸ್ಥಳ ಟ್ರಿಪ್ಪು ಎಲ್ಲ ಅದ್ರಲ್ಲೇ ಆಗಿರೋದು. ಇಂಜಿನ್ ಇನ್ನೂ ಗಟ್ಟಿ ಇದೆ, ಹೋದ ವರ್ಷ ತುಕ್ಕೆಲ್ಲ ಕಿತ್ತು ಬಾಡಿ ಪೇಂಟ್ ಮಾಡ್ಸಿದ್ವಿ, ಆರ್‌ಸಿ ರಿನೀವಲ್ಲೂ ಆಯ್ತು. ಹೊರಗಿಂದ ನೋಡಿದ್ರೆ ಏನೂ ಹೇಳೋ ಹಾಗಿಲ್ಲ, ಆದ್ರೆ ಬಾಗಿಲು ತೆಗೆದು ಒಳಗೆ ಕೂತ್ರೆ ಬೇಜಾರಾಗುತ್ತೆ.

ಏನೇನಾಗಿದೆ ಅಂದ್ರೆ, ಡ್ರೈವರ್ ಬಾಗಿಲಿನ ಹಿಡಿ ಕೈ ತಾಗಿ ತಾಗಿ ನುಣ್ಣಗಾಗಿ ಕರ್ರಗೆ ಹೊಳೀತಿದೆ, ಅದ್ರ ಸುತ್ತ ಇರೋ ಡೋರ್ ಪ್ಯಾಡ್ ಮಾತ್ರ ತಿಳಿ ಬೂದು. ಗ್ಲೌ ಬಾಕ್ಸ್ ಮುಚ್ಚಳ ಒಂದು ಕಡೆ ಹಳದಿ ತಿರುಗಿದೆ, ನಮ್ಮ ಶೆಡ್ಡಿಗೆ ಸಂಜೆ ಬಿಸಿಲು ಆ ಕಡೆಯಿಂದಾನೇ ಹೊಡೆಯುತ್ತೆ, ಅದಕ್ಕೇ ಇರ್ಬೇಕು. ಗೇರ್ ಲಿವರ್ ಸುತ್ತಿನ ಪೀಸಿಗೆ ನಾಲ್ಕು ವರ್ಷದ ಹಿಂದೆ ಒಂದು ಗ್ಯಾರೇಜಲ್ಲಿ ಸ್ಪ್ರೇ ಡಬ್ಬದಲ್ಲಿ ಬೂದು ಹೊಡೆದುಕೊಟ್ರು, ಆರೇ ತಿಂಗಳಿಗೆ ಉಗುರು ತಾಗಿದ ಕಡೆ ಎಲ್ಲ ಸಿಪ್ಪೆ ತರ ಎದ್ದು ಬಂತು, ಬಣ್ಣಾನೂ ಹೊಂದಿರ್ಲಿಲ್ಲ, ನೀಲಿ ಹೊಡೀತಿತ್ತು.

ಅಪ್ಪ ಈಗ ಓಡ್ಸಲ್ಲ, ಪಕ್ಕದ ಸೀಟಲ್ಲಿ ಕೂರ್ತಾರೆ. ಆದ್ರೂ ಇಳಿಯೋವಾಗ ಸುತ್ತು ಹಾಕ್ಕೊಂಡು ಬಂದು ಡ್ರೈವರ್ ಕಡೆ ಹಿಡೀನ ಪಂಚೆ ತುದೀಲಿ ಒರೆಸ್ತಾರೆ. ಕೊಳೆ ಆಗಿದೆ ಅಂತಾರೆ. ಅದು ಕೊಳೆ ಅಲ್ಲಪ್ಪ ಸವೆದಿರೋದು ಅಂದ್ರೆ ಒಪ್ಪಲ್ಲ. ಅವ್ರಿಗೋಸ್ಕರ ಆದ್ರೂ ಇದನ್ನ ಸರಿ ಮಾಡ್ಬೇಕು ಅಂತ ಇದೀನಿ.

ಯಾವ ಪೇಂಟ್ ತಗೋಬೇಕು, ಬಣ್ಣ ಮ್ಯಾಚ್ ಹೇಗೆ ಮಾಡ್ಸೋದು, ಕೆಟ್ಟಿರೋ ಪೀಸ್ ಮಾತ್ರ ಹೊಡೆದ್ರೆ ಸಾಕಾ ಅಥವಾ ಪೂರ್ತಿ ಮಾಡ್ಬೇಕಾ? ಕೊಪ್ಪದಲ್ಲಿ ಕಂಪ್ಯೂಟರ್ ಮಿಕ್ಸಿಂಗ್ ಸಿಗಲ್ಲ, ಶಿವಮೊಗ್ಗಕ್ಕೆ ಹೋಗೋಕೆ ರೆಡಿ ಇದೀನಿ. ಸಣ್ಣ ಕಂಪ್ರೆಸರು, ಗನ್ನು ಸ್ನೇಹಿತನ ಹತ್ರ ಇದೆ.

ಹುಬ್ಬಳ್ಳಿ ಪೇಂಟರ್

ನಮಸ್ಕಾರ್ರೀ. ನಾ ಇಪ್ಪತ್ತು ವರ್ಷದಿಂದ ಗಾಡಿ ಪೇಂಟಿಂಗ್ ಮಾಡ್ಕೋತ ಬಂದೀನ್ರಿ. ಮೊದಲ ಒಂದ ಮಾತು, ಬಣ್ಣ ತರಾಕ ಈಗ ಹೋಗಬ್ಯಾಡ್ರಿ.

ಆ ಕಾಲದ ಇಂಥ ಗಾಡಿಗೋಳ ಒಳಗಿನ ಗಟ್ಟಿ ಪ್ಲಾಸ್ಟಿಕ್‌ಗೆ ಹೆಚ್ಚಾಗಿ ಪೇಂಟ್ ಹೊಡದಿರಂಗಿಲ್ರಿ, ಬಣ್ಣ ಪ್ಲಾಸ್ಟಿಕ್‌ನ್ಯಾಗ ಕಲಿಸೇ ಅಚ್ಚು ಹೊಡದಿರ್ತಾರ. ಬೇಕಂದ್ರ ಪೀಸ್ ಬಿಚ್ಚಿ ಹಿಂದಿನ ಅಂಚಿನ್ಯಾಗ ಬ್ಲೇಡ್‌ಲೆ ಒಂಚೂರು ಕೆರದು ನೋಡ್ರಿ, ಒಳಗೂ ಅದ ಬೂದು ಇದ್ರ ನಾ ಹೇಳಿದ್ದು ಖರೆ. ಅಂದ ಮ್ಯಾಲೆ ಅದು ಸವದು ಬಣ್ಣ ಹೋಗೂದು ಹೆಂಗ್ರಿ? ಮ್ಯಾಲೆ ಸಣ್ಣ ಸಣ್ಣ ಗುಳಿ ಗುಳಿ ಡಿಸೈನ್ ಇರತೈತಲ್ರಿ, ಚರ್ಮದ ಹಂಗ, ಅದರಾಗ ಕೈಯಾಗಿನ ಎಣ್ಣಿ, ಬೆವರು, ಧೂಳು ತುಂಬಿ ತುಂಬಿ ಮಟ್ಟಸ ಆಗಿಬಿಡತೈತಿ, ಅದಕ್ಕ ಹೊಳಿತೈತಿ, ಅದಕ್ಕ ಕರ್ರಗ ಕಾಣತೈತಿ. ನಿಮ್ಮ ತಂದಿಯವರು ಹೇಳೂದರಾಗ ಅರ್ಧಕ್ಕಿಂತ ಹೆಚ್ಚು ಖರೆ ಇರಬೇಕ್ರಿ, ಒಮ್ಮೆ ತೊಳದು ನೋಡ್ರಿ.

ಹಿಡಿ ಬಿಚ್ಚಿ ಬಕೆಟ್‌ನ್ಯಾಗ ಉಗುರು ಬೆಚ್ಚಗಿನ ನೀರು ತಗೊಂಡು ಪಾತ್ರೆ ತೊಳಿಯೋ ಲಿಕ್ವಿಡ್ ಹಾಕಿ ಅರ್ಧ ತಾಸು ನೆನಿ ಇಡ್ರಿ, ಆಮ್ಯಾಲೆ ಹಳೆ ಹಲ್ಲಿನ ಬ್ರಶ್‌ಲೆ ಸುತ್ತು ಸುತ್ತು ತಿಕ್ಕರಿ. ನೀರು ಚಹಾ ಬಣ್ಣ ಆಗತೈತಿ ನೋಡ್ರಿ. ನೀರು ತಿಳಿ ಬರೂ ತನಕ ಮೂರು ನಾಕು ಸಲ ಮಾಡ್ರಿ. ತಿಕ್ಕಾಕ ವಾಟರ್ ಪೇಪರ್ ಮುಟ್ಟಬ್ಯಾಡ್ರಿ, ಆ ಗುಳಿ ಡಿಸೈನ್ ಒಮ್ಮೆ ಹೋತಂದ್ರ ವಾಪಸ್ ತರಾಕ ಆಗಂಗಿಲ್ಲ. ಪೇಂಟ್ ಹೊಡಿಯೋದಿದ್ರ ಮಾತ್ರ ಬೂದು ಸ್ಕಾಚ್‌ಬ್ರೈಟ್‌ಲೆ ಹಗೂರಕ ಎಳೀರಿ, ಅದು ಗುಳಿ ಒಳಗೂ ಹೋಗತೈತಿ, ಡಿಸೈನೂ ಉಳಿತೈತಿ.

ಗೇರ್ ಸುತ್ತಿನ ಪೀಸಿನ ಹಳೆ ಪೇಂಟ್ ತಗಿಯಾಕ ಎನ್‌ಸಿ ಥಿನ್ನರ್ ಹಾಕಬ್ಯಾಡ್ರಿ, ಕೆಲವು ಪ್ಲಾಸ್ಟಿಕ್ ಅದಕ್ಕ ಕರಗಿ ಅಂಟಂಟ ಆಗಿಬಿಡತಾವು. ಐಪಿಎ ಅಂತ ಸಿಗತೈತಿ, ಐಸೊಪ್ರೊಪೈಲ್ ಆಲ್ಕೋಹಾಲ್, ಅದನ್ನ ಬಟ್ಟಿಗೆ ಹಾಕಿ ಪೇಂಟ್ ಮ್ಯಾಲೆ ಹತ್ತು ನಿಮಿಷ ಹೊಚ್ಚಿ ಇಡ್ರಿ, ಮೆತ್ತಗಾದ ಮ್ಯಾಲೆ ಹಳೆ ಎಟಿಎಂ ಕಾರ್ಡಿನಿಂದ ಕೆರೀರಿ. ಮೊದಲ ಹಿಂದಿನ ಕಡೆ ಟೆಸ್ಟ್ ಮಾಡಿಕೋರಿ.

ಇನ್ನೊಂದು, ಡ್ಯಾಶ್‌ಬೋರ್ಡಿಗೆ ಯಾವತ್ತರ ಪಾಲಿಶ್ ಹಚ್ಚೀರೇನು? ಅದರಾಗ ಸಿಲಿಕಾನ್ ಇರತೈತಿ. ಒಂದು ಹನಿ ಉಳದ್ರೂ ಪೇಂಟ್ ಅಲ್ಲಿ ಕೂಡಂಗಿಲ್ಲ, ರೌಂಡ್ ರೌಂಡ್ ಗುಳಿ ಬೀಳತಾವು, ನಾವು ಫಿಶ್ ಐ ಅಂತೀವಿ. ಪೇಂಟ್ ಹೊಡಿಯೂ ಮುಂಚೆ ಸೋಪಿನ ನೀರು ಆದ ಮ್ಯಾಲೆ ಐಪಿಎಲೆ ಎರಡು ಬಟ್ಟಿ ಇಟಗೊಂಡು ಒರಸ್ರಿ, ಒಂದರಾಗ ಹಸಿ, ಇನ್ನೊಂದರಾಗ ಒಣ.

ಮತ್ತ ನಿಮ್ಮ ಕಡೆ ಈಗ ಮಳಿ ಐತಲ್ರಿ. ಪೇಂಟಿಂಗ್ ಈಗ ಬ್ಯಾಡ. ಹವಾದಾಗ ನೀರು ಇದ್ದಾಗ ಥಿನ್ನರ್ ಹಾರೂ ಹೊತ್ತಿಗೆ ಪೇಂಟ್ ಮ್ಯಾಲೆ ತೇವ ಕುಂತು ಬೆಳ್ಳಗ ಹೊಗಿ ಹಿಡದಂಗ ಆಗತೈತಿ. ತೊಳಿಯೂ ಕೆಲಸ ಈಗ ಮಾಡ್ರಿ, ಹೊಡಿಯೂ ಕೆಲಸ ದೀಪಾವಳಿ ಆದ ಮ್ಯಾಲೆ.

ಎಸ್ಟೀಮ್ 98

ಪೇಂಟರ್ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಬಣ್ಣ ಮ್ಯಾಚಿಂಗ್ ಬಗ್ಗೆ ಮಾತ್ರ ಬರೀತೀನಿ ಯಾಕಂದ್ರೆ ನನ್ನ 1998ರ ಎಸ್ಟೀಮ್ ಒಳಗೆ ಇದೇ ಕೆಲಸ ಮಾಡಿ ಎರಡು ಸಲ ಎಡವಿ ಮೂರನೇ ಸಲ ಸರಿ ಹೋಗಿದ್ದು.

ಮೊದಲನೇ ಸಲ ಆ್ಯಶ್‌ಟ್ರೇ ಬಿಚ್ಕೊಂಡು ಬೆಂಗಳೂರು ಜೆ.ಸಿ. ರೋಡಿನ ಪೇಂಟ್ ಅಂಗಡಿಗೆ ಹೋದೆ. ಸಣ್ಣ ಪೀಸು, ಜೇಬಲ್ಲಿ ಹಿಡಿಯುತ್ತೆ ಅಂತ. ಆದ್ರೆ ಆ್ಯಶ್‌ಟ್ರೇ ಒಳಗೇ ಮುಚ್ಕೊಂಡು ಇರೋದು, ಅದಕ್ಕೆ ಬಿಸಿಲೇ ಬಿದ್ದಿಲ್ಲ! ಫ್ಯಾಕ್ಟರಿಯಿಂದ ಬಂದಾಗಿನ ಬಣ್ಣ ಅದ್ರಲ್ಲಿ ಹಾಗೇ ಇತ್ತು. ಅದಕ್ಕೆ ಮ್ಯಾಚ್ ಮಾಡಿ ಸೆಂಟರ್ ಕನ್ಸೋಲ್ ಹೊಡೆದೆ, ಪೇಂಟು ಆ್ಯಶ್‌ಟ್ರೇಗೆ ಪರ್ಫೆಕ್ಟ್ ಮ್ಯಾಚು, ಪಕ್ಕದ ಡ್ಯಾಶ್‌ಬೋರ್ಡಿಗೆ ಮಾತ್ರ ಸಂಬಂಧಾನೇ ಇಲ್ಲ, ಯಾಕಂದ್ರೆ ಡ್ಯಾಶ್‌ಬೋರ್ಡ್ ಇಪ್ಪತ್ತು ಚಿಲ್ರೆ ವರ್ಷ ಬಿಸಿಲಲ್ಲಿ ಬೆಂದಿದೆ. ಹಾಗಾಗಿ ಒರಿಜಿನಲ್ ಬಣ್ಣ ಯಾವ್ದು ಅಂತ ಹುಡುಕೋಕೆ ಹೋಗ್ಬೇಡಿ. ನೀವು ಪೇಂಟ್ ಮಾಡದೇ ಬಿಡೋ ಪೀಸುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವ್ದು, ಅದು ಇವತ್ತು ಯಾವ ಬಣ್ಣದಲ್ಲಿದೆ, ಅದಕ್ಕೆ ಮ್ಯಾಚ್ ಮಾಡ್ಸಿ. ನಿಮ್ಗೆ ಅದು ಡೋರ್ ಪ್ಯಾಡ್. ಟೊಯೋಟಾ ಗಾಡಿಗಳ ಪ್ಲೇಟಲ್ಲಿ ಬಣ್ಣದ ಕೋಡ್ ಜೊತೆ ಟ್ರಿಮ್ ಕೋಡೂ ಇರುತ್ತೆ, ಅದನ್ನ ಹೇಳಿದ್ರೆ ಅಂಗಡಿಯೋನು ಪೇಂಟ್ ಕೊಡ್ತಾನೆ ಅಂದ್ಕೋಬೇಡಿ, ಅದು ಒಳಗೆ ಯಾವ ಸೆಟ್ ಹಾಕಿದಾರೆ ಅನ್ನೋ ಗುರುತು ಅಷ್ಟೇ, ಪೇಂಟಿನ ರೆಸಿಪಿ ಅಲ್ಲ.

ಎರಡನೇ ಸಲ ಸರಿಯಾದ ಪೀಸೇ ತಗೊಂಡು ಹೋದೆ. ಅಂಗಡಿ ಒಳಗೆ ಟ್ಯೂಬ್‌ಲೈಟಲ್ಲಿ ಒಂದು ಕೂದಲಷ್ಟೂ ವ್ಯತ್ಯಾಸ ಇಲ್ಲ. ಮನೆಗೆ ಬಂದು ಬಿಸಿಲಲ್ಲಿ ನೋಡ್ತೀನಿ, ಹಸಿರು ಹೊಡೀತಿದೆ. ಬೇರೆ ಬೇರೆ ಪಿಗ್ಮೆಂಟ್ ಬೆರೆಸಿ ಮಾಡಿದ ಎರಡು ಬೂದು ಒಂದು ಬೆಳಕಲ್ಲಿ ಒಂದೇ ತರ ಕಂಡ್ರೂ ಇನ್ನೊಂದು ಬೆಳಕಲ್ಲಿ ಬೇರೆ ಬೇರೆ ಕಾಣುತ್ತೆ. ಮೂರನೇ ಸಲ ಬೆಳಗ್ಗೆ ಹತ್ತು ಗಂಟೆಗೆ ಅಂಗಡಿ ಬಾಗಿಲಿಗೆ ಕಾರನ್ನೇ ತಂದು ನಿಲ್ಸಿ ನೆರಳಲ್ಲಿ ಮ್ಯಾಚ್ ಮಾಡ್ಸಿದೆ. ಆ ಅಂಗಡಿ ಹಿರಿಯರು ಕಪ್ಪು ಬಿಳಿ ಬೆರೆಸಿ, ಒಂದು ಕಡ್ಡಿ ತುದೀಲಿ ಹಳದಿ ಆಕ್ಸೈಡ್ ಅದ್ದಿ, ಆ ಕಡ್ಡೀನ ಡಬ್ಬದಲ್ಲಿ ಒಂದೇ ಒಂದು ಸುತ್ತು ತಿರುಗಿಸಿದ್ರು, ಅಷ್ಟೇ, ಬೂದು ಬೆಚ್ಚಗಾಗಿ ಡ್ಯಾಶ್‌ಬೋರ್ಡ್ ಪಕ್ಕ ಹೋಗಿ ಕೂತ್ಕೊಂಡ್ತು. ಬರೀ ಕಪ್ಪು ಬಿಳಿ ಬೆರೆಸಿದ್ರೆ ನೀಲಿ ಹೊಡೀತದೆ ಅಂತ ಅವ್ರೇ ಹೇಳಿದ್ದು, ನಿಮ್ಮ ಗೇರ್ ಪೀಸಿಗೆ ಆಗಿರೋದೂ ಅದೇ ಅನ್ಸುತ್ತೆ.

ಹಸಿ ಪೇಂಟ್ ನೋಡಿ ಓಕೆ ಅನ್ಬೇಡಿ. ಐಸ್‌ಕ್ರೀಮ್ ಡಬ್ಬದ ಮುಚ್ಚಳಕ್ಕೆ ಗನ್ನಲ್ಲೇ ಹೊಡೆದು, ಬ್ರಶ್ಶಲ್ಲಿ ಅಲ್ಲ, ರಾತ್ರಿ ಒಣಗೋಕೆ ಬಿಟ್ಟು ಮಾರನೇ ದಿನ ಗಾಡಿ ಒಳಗೆ ಆ ಪೀಸು ಇರೋ ಜಾಗದಲ್ಲೇ, ಅದೇ ಓರೆಯಲ್ಲಿ ಹಿಡಿದು ನೋಡಿ. ಬೆಳಗ್ಗೆ ಒಂದ್ಸಲ, ಮಧ್ಯಾಹ್ನ ಒಂದ್ಸಲ, ರಾತ್ರಿ ಒಳಗಿನ ಲೈಟ್ ಹಾಕಿ ಒಂದ್ಸಲ.

ಇನ್ನು ಹೊಳಪು. ಇದನ್ನ ದಪ್ಪಕ್ಷರದಲ್ಲಿ ಬರೀಬೇಕು. ಒಂದೇ ಡಬ್ಬದ ಪೇಂಟ್ ಎರಡು ಮುಚ್ಚಳಕ್ಕೆ ಹೊಡೆದು ಮೇಲೆ ಒಂದಕ್ಕೆ ಹೊಳಪಿಲ್ಲದ ಮ್ಯಾಟ್ ಕ್ಲಿಯರ್ ಇನ್ನೊಂದಕ್ಕೆ ಸ್ವಲ್ಪ ಹೊಳೆಯೋ ಸ್ಯಾಟಿನ್ ಕ್ಲಿಯರ್ ಹೊಡೆದೆ, ನನ್ನ ಹೆಂಡತಿಗೆ ತೋರಿಸಿದ್ರೆ ಇವೆರಡು ಬೇರೆ ಬೇರೆ ಬಣ್ಣ ಅಂದ್ಲು. ಮ್ಯಾಟ್ ತಿಳಿಯಾಗಿ ಕಾಣುತ್ತೆ, ಹೊಳೆಯೋದು ಗಾಢ ಕಾಣುತ್ತೆ. ಬಣ್ಣ ಹೊಂದ್ತಿಲ್ಲ ಅಂತ ಅಂಗಡಿಗೆ ಮತ್ತೆ ಮತ್ತೆ ಓಡೋರಲ್ಲಿ ಎಷ್ಟೋ ಜನಕ್ಕೆ ಹೊಂದದೇ ಇರೋದು ಹೊಳಪು. ಅಂಗಡೀಲಿ ಹೊಳಪು ಕಮ್ಮಿ ಮಾಡೋ ಮ್ಯಾಟಿಂಗ್ ಏಜೆಂಟ್ ಕೇಳಿ, ಡೋರ್ ಪ್ಯಾಡ್ ಪಕ್ಕ ಇಟ್ಟು ಹೊಳಪು ಸಮ ಆಗೋ ತನಕ ಸ್ಯಾಂಪಲ್ ಮೇಲೆ ಟ್ರೈ ಮಾಡಿ. ಕೊನೆಗೆ ಯಾವ್ದು ಎಷ್ಟು ಗ್ರಾಂ ಅಂತ ಬರೆಸ್ಕೊಂಡು ಡಬ್ಬದ ಮೇಲೇ ಅಂಟಿಸಿ.

ಪೀಣ್ಯ ಮೋಲ್ಡಿಂಗ್

ನಾನು ಹನ್ನೊಂದು ವರ್ಷದಿಂದ ಪ್ಲಾಸ್ಟಿಕ್ ಮೋಲ್ಡಿಂಗ್ ಲೈನಲ್ಲಿ ಕ್ವಾಲಿಟಿ ನೋಡ್ಕೋತೀನಿ. ಸಿಪ್ಪೆ ಏಳೋದು ಯಾಕೆ ಅಂತ ಹೇಳ್ತೀನಿ, ಅದು ಗೊತ್ತಾಗದೇ ಎಂಥ ಪೇಂಟ್ ತಂದ್ರೂ ನಿಮ್ಮ ದುಡ್ಡು ದಂಡ.

ಪೀಸ್ ಬಿಚ್ಚಿ ಹಿಂದೆ ನೋಡಿ, ಎರಡು ಬಾಣದ ಗುರುತಿನ ಮಧ್ಯ ಅಕ್ಷರ ಅಚ್ಚಾಗಿರುತ್ತೆ. ಪಿಪಿ ಅಂತಿದ್ರೆ ಪಾಲಿಪ್ರೊಪಿಲೀನ್, ಎಬಿಎಸ್ ಅಂತಿದ್ರೆ ಅದು ಬೇರೆ ಜಾತಿ. ಪಿಪಿ ಮುಂದೆ ಟಿ20 ಅಂತಿದ್ರೆ ನೂರಕ್ಕೆ 20 ಭಾಗ ಟಾಲ್ಕ್ ಬೆರೆಸಿದಾರೆ ಅಂತ ಅರ್ಥ. ಎಬಿಎಸ್ ಮೇಲೆ ಪೇಂಟ್ ಚೆನ್ನಾಗೇ ಹಿಡಿಯುತ್ತೆ. ಪಿಪಿ ಹಾಗಲ್ಲ, ಅದು ಕೆಸುವಿನ ಎಲೆ ಇದ್ದ ಹಾಗೆ, ನಿಮ್ಮ ಮಲೆನಾಡಿನೋರಿಗೆ ಹೇಳೋದೇ ಬೇಡ, ನೀರು ಹಾಕಿದ್ರೆ ಮುತ್ತಾಗಿ ಉರುಳಿ ಹೋಗುತ್ತೆ, ಅಂಟಲ್ಲ. ಪೇಂಟಿಗೂ ಅದೇ ಗತಿ, ಮೇಲೆ ಹಾಳೆ ತರ ಒಣಗಿ ಕೂತಿರುತ್ತೆ ಅಷ್ಟೇ, ಉಗುರು ತಾಗಿದ್ ತಕ್ಷಣ ಏಳುತ್ತೆ. ನಿಮ್ಮ ಗೇರ್ ಪೀಸ್ ಪಿಪಿನೇ ಇರ್ಬೇಕು.

ಅದಕ್ಕೆ ಔಷಧಿ ಅಡ್ಹೀಶನ್ ಪ್ರಮೋಟರ್, ಅಂಗಡೀಲಿ ಪ್ಲಾಸ್ಟಿಕ್ ಪ್ರೈಮರ್ ಅಂತ ಕೇಳಿದ್ರೂ ಕೊಡ್ತಾರೆ, ಆದ್ರೆ ಡಬ್ಬದ ಮೇಲೆ ಪಿಪಿಗೆ ಆಗುತ್ತೆ ಅಂತ ಬರೆದಿದ್ಯಾ ನೋಡಿ ತಗೊಳ್ಳಿ. ಅದ್ರಲ್ಲಿ ಕ್ಲೋರಿನೇಟೆಡ್ ಪಾಲಿಓಲೆಫಿನ್ ಇರುತ್ತೆ, ಒಂದು ಕಡೆ ಪಿಪಿನ ಹಿಡ್ಕೊಳ್ಳುತ್ತೆ, ಇನ್ನೊಂದು ಕಡೆ ಪೇಂಟನ್ನ. ತೆಳ್ಳಗೆ ಒಂದೇ ಕೋಟ್ ಸಾಕು, ದಪ್ಪ ಆದ್ರೆ ಅದೇ ಸಿಪ್ಪೆ ಏಳುತ್ತೆ. ಹೊಡೆದ್ಮೇಲೆ ಎಷ್ಟು ನಿಮಿಷದೊಳಗೆ ಬಣ್ಣ ಹೊಡೀಬೇಕು ಅಂತ ಡಬ್ಬದ ಮೇಲೆ ಇರುತ್ತೆ, ಆ ಟೈಮ್ ಮೀರಬೇಡಿ.

ಹಿಂದೆ ಅಕ್ಷರ ಇಲ್ಲದಿದ್ರೆ ಅಂಚಿಂದ ಒಂದು ಚೂರು ಕತ್ತರಿಸಿ ನೀರಿಗೆ ಹಾಕಿ ಅಂತ ಎಲ್ರೂ ಹೇಳ್ತಾರೆ. ಶುದ್ಧ ಪಿಪಿ ಸಾಂದ್ರತೆ 0.9 ಸುಮಾರು, ತೇಲುತ್ತೆ, ಎಬಿಎಸ್ 1.05, ಮುಳುಗುತ್ತೆ, ಅಲ್ಲೀವರೆಗೆ ಸರಿ. ಆದ್ರೆ ಟಿ20 ಪಿಪಿ ಕೂಡ 1.04 ಆಸುಪಾಸು, ಅದೂ ಮುಳುಗುತ್ತೆ! ಹಾಗಾಗಿ ತೇಲಿದ್ರೆ ಎಬಿಎಸ್ ಅಲ್ಲ ಅಂತ ಖಂಡಿತ ಹೇಳ್ಬಹುದು, ಮುಳುಗಿದ್ರೆ ಏನೂ ತೀರ್ಮಾನ ಮಾಡಕ್ಕಾಗಲ್ಲ. ಅನುಮಾನ ಇದ್ರೆ ಪಿಪಿ ಅಂತಾನೇ ಅಂದ್ಕೊಂಡು ಪ್ರೈಮರ್ ಹೊಡೀರಿ.

ಮೇಲಿನ ಸರ್ ಹೇಳಿದ ಮ್ಯಾಚಿಂಗ್‌ಗೆ ಒಂದು ಸೇರಿಸ್ತೀನಿ. ಅಂಗಡೀಲಿ ಮೆಷಿನ್ ಇಟ್ಟು ಬಣ್ಣ ಓದೋದಾದ್ರೆ ಗುಳಿ ಡಿಸೈನ್ ಮೇಲೆ ಓದಿದ್ದನ್ನ ಪೂರ್ತಿ ನಂಬಬೇಡಿ, ಆ ಗುಳಿಗಳ ನೆರಳೂ ಲೆಕ್ಕಕ್ಕೆ ಬಂದುಬಿಡುತ್ತೆ. ಮೆಷಿನ್ ಹತ್ರಕ್ಕೆ ತಂದುಕೊಡುತ್ತೆ, ಕೊನೇ ಹನಿ ಕಣ್ಣಲ್ಲೇ ನೋಡಿ ಹಾಕ್ಬೇಕು.

ಹಾರ್ಡ್‌ನರ್ ಬೆರೆಸೋ ಟೂ-ಕೆ ಪೇಂಟ್ ಗಟ್ಟಿ ನಿಜ, ಆದ್ರೆ ಅದ್ರಲ್ಲಿ ಐಸೊಸಯನೇಟ್ ಇರುತ್ತೆ, ಉಸಿರಲ್ಲಿ ಹೋದ್ರೆ ಅಸ್ತಮಾ ಬರ್ಬಹುದು, ಒಂದ್ಸಲ ಮೈಗೆ ಹತ್ತಿದ್ರೆ ಆಮೇಲೆ ಸ್ವಲ್ಪ ವಾಸನೆಗೂ ಎದೆ ಕಟ್ಟುತ್ತೆ. ಬಟ್ಟೆ ಮಾಸ್ಕು, ಕೊರೊನಾ ಟೈಮಿನ ಮಾಸ್ಕು ಯಾವ್ದೂ ಅದನ್ನ ತಡೆಯಲ್ಲ. ನಿಮ್ಮಂಥ ಕೆಲಸಕ್ಕೆ ಹಾರ್ಡ್‌ನರ್ ಇಲ್ಲದ ಪೇಂಟೇ ಸಾಕು. ಅದನ್ನೂ ಗಾಡಿ ಒಳಗೆ ಕೂತು ಹೊಡೀಬೇಡಿ, ಪೀಸ್ ಬಿಚ್ಚಿ ಅಂಗಳದಲ್ಲಿ ಹೊಡೀರಿ. ಏರ್‌ಬ್ಯಾಗ್ ಇರೋ ಗಾಡಿಯವ್ರು ಯಾರಾದ್ರೂ ಓದ್ತಿದ್ರೆ, ಏರ್‌ಬ್ಯಾಗ್ ಮುಚ್ಚಳಕ್ಕೆ, ಸೀಟ್ ಬೆಲ್ಟಿಗೆ ಯಾವ ಪೇಂಟೂ ಬೇಡ, ದಯವಿಟ್ಟು.

ಶಿವಾಜಿನಗರ ಸ್ಪೇರ್ಸ್

ಕ್ವಾಲಿಸ್ ಅಂದ್ರೆ ಬೆಂಗಳೂರಲ್ಲಿ ಕಾಲ್ ಸೆಂಟರ್ ಕ್ಯಾಬ್ ಕಾಲ ನೆನಪಾಗುತ್ತೆ, ರಾತ್ರಿ ಎರಡು ಗಂಟೆಗೆ ರಸ್ತೇಲಿ ಬರೀ ಕ್ವಾಲಿಸ್, ಸುಮೋ. 2000ದಿಂದ 2005ರ ತನಕ ಟೊಯೋಟಾದ ಬಿಡದಿ ಫ್ಯಾಕ್ಟರೀಲಿ ಬೇಜಾನ್ ಗಾಡಿ ಆಗಿರೋದ್ರಿಂದ ಗುಜರಿಲಿ ಟ್ರಿಮ್ ಪೀಸ್ ಇನ್ನೂ ಸಿಗುತ್ತೆ ಅಣ್ಣ. ಮುರಿದಿದ್ರೆ, ಕ್ಲಿಪ್ ಕೂರೋ ಜಾಗ ಒಡೆದಿದ್ರೆ ಪೇಂಟ್ ಬದ್ಲು ಅದನ್ನೇ ತಗೊಳ್ಳಿ. ಆದ್ರೆ ಬಣ್ಣ ಹೊಂದುತ್ತೆ ಅಂತ ತಗೋಬೇಡಿ, ಆ ಗಾಡಿ ಬಿಸಿಲೇ ಬೇರೆ ನಿಮ್ಮ ಗಾಡಿ ಬಿಸಿಲೇ ಬೇರೆ. ಪೀಸ್ ಬಿಚ್ಚೋವಾಗ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಹಳೇ ಕ್ಲಿಪ್ ಪಟಪಟ ಮುರಿಯುತ್ತೆ. ಒಂದು ಪ್ಯಾಕೆಟ್ ಕ್ಲಿಪ್ ಮೊದ್ಲೇ ತಂದಿಟ್ಕೊಳ್ಳಿ, ಬಿಸಿಲಲ್ಲಿ ಒಂದು ಗಂಟೆ ಗಾಡಿ ನಿಲ್ಸಿ ಪ್ಲಾಸ್ಟಿಕ್ ಬೆಚ್ಚಗಾದ್ಮೇಲೆ ಕೈಯಲ್ಲೇ ಎಳೀರಿ.

ಪೂರ್ತಿ ಮಾಡ್ಬೇಕಾ ಅಂತ ಕೇಳಿದ್ರಲ್ಲ, ಪೂರ್ತಿ ಬೇಡ, ಆದ್ರೆ ಅರ್ಧ ಪೀಸೂ ಬೇಡ. ಗ್ಲೌ ಬಾಕ್ಸ್ ಹಳದಿ ಆಗಿರೋ ಮೂಲೆ ಮಾತ್ರ ಹೊಡೆದ್ರೆ ತೇಪೆ ಹಾಕಿದ ಹಾಗೆ ಕಾಣುತ್ತೆ. ಒಂದು ಪೀಸ್ ಅಂದ್ರೆ ಸಂದಿಯಿಂದ ಸಂದಿಗೆ ಪೂರ್ತಿ. ಎರಡು ಪೀಸಿನ ಮಧ್ಯ ಇರೋ ಸಂದಿ ಸಣ್ಣಪುಟ್ಟ ವ್ಯತ್ಯಾಸ ಮುಚ್ಚಿಬಿಡುತ್ತೆ.

ಕೊಪ್ಪದ ಕ್ವಾಲಿಸ್

ಎಲ್ರೂ ಇಷ್ಟು ಟೈಮ್ ಕೊಟ್ಟು ಬರೆದಿದೀರ, ಕೆಲಸ ಮುಗಿಸಿ ಬಂದು ಹೇಳ್ತೀನಿ ಅಂತ ಅವತ್ತೇ ಅಂದ್ಕೊಂಡೆ. ಈಗ ಹೇಳ್ತಿದೀನಿ.

ಮೊದಲು ಹಿಡಿ. ಆಷಾಢದ ಮಳೇಲಿ ಜಗಲಿ ಮೇಲೆ ಕೂತ್ಕೊಂಡು ತೊಳೆದೆ. ಮೊದಲನೇ ನೀರು ಕಾಫಿ ಡಿಕಾಕ್ಷನ್ ತರ ಆಯ್ತು, ಎರಡನೇದು ಚಹಾ, ಐದನೇ ಸಲಕ್ಕೆ ತಿಳಿ ಬಂತು. ಒಣಗಿಸಿ ನೋಡಿದ್ರೆ ಬೂದು! ಹೆಬ್ಬೆರಳು ಕೂರೋ ಜಾಗದಲ್ಲಿ ಒಂದು ರೂಪಾಯಿ ಕಾಯಿನ್ ಅಷ್ಟಗಲ ಮಾತ್ರ ನುಣ್ಣಗೆ ಉಳ್ಕೊಂಡಿದೆ, ಅದು ನಿಜವಾಗ್ಲೂ ಸವೆದಿರೋದು, ಬಾಕಿ ಎಲ್ಲ ಕೊಳೆ. ಅಪ್ಪ ಪಕ್ಕದಲ್ಲೇ ಕೂತು ನೋಡ್ತಿದ್ರು, "ನಾ ಎಷ್ಟು ವರ್ಷದಿಂದ ಹೇಳ್ತಾ ಇದ್ದೆ" ಅಂದ್ರು. ಹಿಡಿಗೆ ಪೇಂಟ್ ಹೊಡೀಲೇ ಇಲ್ಲ, ಆ ಕಾಯಿನ್ ಅಗಲದ ಜಾಗ ಹಾಗೇ ಇರ್ಲಿ ಅಂತ ಬಿಟ್ಟೆ.

ಗ್ಲೌ ಬಾಕ್ಸ್ ಹಳದಿ ತೊಳೆದ್ರೂ ಹೋಗ್ಲಿಲ್ಲ. ಗೇರ್ ಪೀಸ್ ಹಿಂದೆ ಪೀಣ್ಯ ಮೋಲ್ಡಿಂಗ್ ಮೇಡಂ ಹೇಳಿದ ಹಾಗೆ ಪಿಪಿ ಅಂತಾನೇ ಇತ್ತು, ಹಳೇ ಪೇಂಟ್ ಕೆರೆಯೋಕೆ ಎರಡು ಸಂಜೆ ಹಿಡೀತು. ದೀಪಾವಳಿ ಆದ್ಮೇಲೆ ಗಾಡಿನೇ ಶಿವಮೊಗ್ಗಕ್ಕೆ ತಗೊಂಡು ಹೋಗಿ ಡೋರ್ ಪ್ಯಾಡಿಗೆ ಮ್ಯಾಚ್ ಮಾಡ್ಸಿದೆ. ಮೂರನೇ ಸ್ಯಾಂಪಲ್ ಕೂತಿತು. ಮೊದಲ ಎರಡು ನೆರಳಲ್ಲಿ ಸರಿ ಇತ್ತು, ಮಧ್ಯಾಹ್ನ ಬಿಸಿಲಿಗೆ ಹಿಡಿದಾಗ ಕೆಂಪು ಹೊಡೀತು, ನೀವು ಹೇಳದೇ ಇದ್ದಿದ್ರೆ ನಾನು ಮೊದಲನೇದನ್ನೇ ಒಪ್ಕೊಂಡು ಬರ್ತಿದ್ದೆ. ಮ್ಯಾಟಿಂಗ್ ಏಜೆಂಟ್ ಮಾತ್ರ ಮನೇಲಿ ಸ್ವಲ್ಪ ಸ್ವಲ್ಪಾನೇ ಹಾಕಿ ನಾಲ್ಕು ಮುಚ್ಚಳಕ್ಕೆ ಹೊಡೆದು ನೋಡಿ ಫೈನಲ್ ಮಾಡಿದ್ದು.

ಪೇಂಟ್ ಹೊಡೆದು ಎಂಟು ದಿನ ಬಿಟ್ಟು, ಸರಿಯಾಗಿ ಹಿಡ್ಕೊಂಡಿದ್ಯಾ ನೋಡೋಕೆ ಗೇರ್ ಪೀಸಿನ ಒಳ ಅಂಚಲ್ಲಿ ಬ್ಲೇಡಲ್ಲಿ ಚೌಕ ಚೌಕ ಗೆರೆ ಎಳೆದು ಸೆಲ್ಲೋಟೇಪ್ ಅಂಟಿಸಿ ಜೋರಾಗಿ ಕಿತ್ತೆ. ಒಂದು ಚೂರೂ ಬರ್ಲಿಲ್ಲ.

ಈಗ ಉಳಿದಿರೋದು ಒಂದೇ, ಡ್ರೈವರ್ ಬಾಗಿಲಿನ ಆರ್ಮ್‌ರೆಸ್ಟ್. ಅದಕ್ಕೆ ರೆಕ್ಸಿನ್ ಇದೆ, ಮೊಣಕೈ ಇಡೋ ಕಡೆ ಬಿರುಕು ಬಿಟ್ಟು ಒಳಗಿನ ಸ್ಪಂಜು ಕಾಣುತ್ತೆ. ಅದೇ ಪೇಂಟ್ ಅರ್ಧ ಡಬ್ಬ ಉಳಿದಿದೆ, ಬಿರುಕು ತುಂಬಿ ಹೊಡೀಬಹುದಾ?

ಹುಬ್ಬಳ್ಳಿ ಪೇಂಟರ್

ಭಾಳ ಖುಷಿ ಆತ್ರಿ ಓದಿ. ತಂದಿಯವರಿಗೆ ನನ್ನ ನಮಸ್ಕಾರ ಹೇಳ್ರಿ.

ರೆಕ್ಸಿನ್‌ಗೆ ಆ ಪೇಂಟ್ ಬ್ಯಾಡ್ರಿ. ಅದು ಗಟ್ಟಿ ಪ್ಲಾಸ್ಟಿಕ್‌ಗೆ ಮಾಡಿದ್ದು, ರೆಕ್ಸಿನ್ ಮೊಣಕೈ ಇಟ್ಟಾಗೊಮ್ಮೆ ಬಗ್ಗತೈತಿ, ವಾರದಾಗ ಬಿರಕು ಬಿಡತೈತಿ. ಸ್ಪಂಜು ಕಾಣಾಕತ್ತೈತಿ ಅಂದ್ರ ಯಾವ ಬಣ್ಣಾನೂ ಉಪಯೋಗ ಇಲ್ಲ, ಸೀಟ್ ಕವರ್ ಹೊಲಿಯೋರ ಹತ್ರ ಹೊಸಾ ರೆಕ್ಸಿನ್ ಹಾಕಸ್ರಿ. ನಿಮ್ಮ ಹತ್ರ ಮ್ಯಾಚ್ ಆದ ಐಸ್‌ಕ್ರೀಮ್ ಮುಚ್ಚಳ ಐತಲ್ರಿ, ಅದನ್ನ ತಗೊಂಡು ಹೋಗ್ರಿ, ಅಂಗಡಿ ಒಳಗ ನೋಡಬ್ಯಾಡ್ರಿ, ರೆಕ್ಸಿನ್ ರೋಲ್ ಹೊರಗ ಬಿಸಿಲಿಗೆ ತಂದು ಮುಚ್ಚಳದ ಪಕ್ಕ ಹಿಡದು ನೋಡ್ರಿ, ಸರಿ ಹೊಂದೂದು ಸಿಗದಿದ್ರ ಒಂದು ಶೇಡ್ ಗಾಢ ಇರೂದು ತಗೋರಿ, ತಿಳಿ ತಗೊಂಡ್ರ ಎದ್ದು ಕಾಣತೈತಿ. ಹಳೆ ರೆಕ್ಸಿನ್ ಹರಕೊಂಡು ಬಿಚ್ಚಬ್ಯಾಡ್ರಿ, ಅಂಚಿನಿಂದ ಮೆಲ್ಲಕ ಬಿಡಸಾಕ ಹೇಳ್ರಿ, ಹೊಸಾದರ ಕಟಿಂಗ್‌ಗೆ ಅದ ಅಳತಿ.